ಎರಡನೇ ಗೀಸರ್

ಅವಳ ಗಿರಾಕಿಗಳೆಲ್ಲ ಅವಳನ್ನು ಕರೆಯುತ್ತಿದ್ದುದು ಕಿವಿಯಮ್ಮ ಎಂದು. ಕಿವಿ ಮಂದವಾದವರ ಮನೆಗೆ ಹೋಗಿ ಪರೀಕ್ಷೆ ಮಾಡಿ, ಕಿವಿ ಮಷೀನು ಕೂರಿಸಿ, ಆಮೇಲೆ ಅದು ಕುಯ್ಯೆಂದಾಗಲೆಲ್ಲ ಹೋಗಿ ಸರಿಮಾಡಿ ಬರುವುದು ಅವಳ ಕೆಲಸ. ಐವತ್ತು ದಾಟಿದ್ದರೂ ಮದುವೆಯಾಗಿರಲಿಲ್ಲ. ಐದು ವರ್ಷ ದೊಡ್ಡವಳಾದ ಅಕ್ಕನಿಗೂ ಆಗಿರಲಿಲ್ಲ. ಇಬ್ಬರೂ ದುಡಿದು, ಸೇರಿ ಒಂದು ಹಳೇ ಮನೆ ಕೊಂಡು, ಒಬ್ಬಳ ಸಿಡುಕು ಇನ್ನೊಬ್ಬಳಿಗೆ ಬಾಯಿಪಾಠವಾಗುವಷ್ಟು ಕಾಲ ಅದರಲ್ಲಿ ಬಾಳಿದ್ದರು.

ಹಾಗಿರುವಾಗ ಅಕ್ಕ ಮದುವೆಯಾದಳು. ಗಂಡು ಕಿವಿಯಮ್ಮನ ಗಿರಾಕಿಯೇ. ಗಡಿಯಾರ ರಿಪೇರಿಯ ಅಂಗಡಿ ಇಟ್ಟುಕೊಂಡಿದ್ದ, ಹೆಂಡತಿ ತೀರಿಕೊಂಡಿದ್ದ, ಮೆತ್ತಗಿನ ಮನುಷ್ಯ. ಮಷೀನಿನ ಬ್ಯಾಟರಿ ತೆಗೆದುಕೊಂಡು ಹೋಗಲು ಮನೆಗೆ ಬಂದ ದಿನ ಕಿವಿಯಮ್ಮ ಇರಲಿಲ್ಲ. ಅಕ್ಕ ಬಾಗಿಲು ತೆಗೆದಳು. ಅಲ್ಲಿಂದಾಚೆ ಆತನ ಬ್ಯಾಟರಿಗಳು ಅದೇಕೋ ಬೇಗ ಬೇಗ ಮುಗಿಯತೊಡಗಿದವು. "ಕಿವಿ ಕೊಟ್ಟೋಳು ನಾನು, ಮಾತು ಕೊಟ್ಟೋಳು ಮಾತ್ರ ಇವಳು" ಎಂದು ಮದುವೆಯ ದಿನ ಕಿವಿಯಮ್ಮ ಎಲ್ಲರೆದುರು ತಮಾಷೆ ಮಾಡಿದಳು. ಎಲ್ಲರೂ ನಕ್ಕರು, ಅವಳೂ ನಕ್ಕಳು. ಅಕ್ಕನ ಸಾಮಾನು ಹೊತ್ತ ಗಾಡಿ ತಿರುವಿನಲ್ಲಿ ಮರೆಯಾದ ಮೇಲೆ ಒಳಗೆ ಬಂದು, ಒಲೆ ಹಚ್ಚಿ, ಇಬ್ಬರಿಗಾಗುವಷ್ಟು ಅನ್ನಕ್ಕಿಟ್ಟಳು.

ಅಕ್ಕ ಹೋದ ಕೆಲವು ತಿಂಗಳಿಗೆ ಕಿವಿಯಮ್ಮನಿಗೆ ಕೆಲಸ ಕೊಟ್ಟಿದ್ದ ಮಷೀನಿನ ಕಂಪನಿಯವರು ಅವಳ ಓಡಾಟಕ್ಕೆ ಕೊಟ್ಟಿದ್ದ ಹಳೆಯ ಕಾರು ವಾಪಸ್ ಪಡೆದು ಕರೆಂಟಿನ ಕಾರು ಕೊಟ್ಟರು. ಮನೆಯಲ್ಲೇ ಚಾರ್ಜ್ ಮಾಡಿಕೊಳ್ಳಬೇಕು, ಸಾಕೆಟ್ ಹಾಕಿಸುವ ಖರ್ಚು ಅವರದು. ಕಾರಿನ ಜೊತೆ ಒಂದು ಚೀಲ ಬಂತು. ಅದರಲ್ಲಿ ಹೆಬ್ಬೆರಳು ದಪ್ಪದ ಕೇಬಲ್ಲು, ಅದರ ತುದಿಗೆ ಸಿಕ್ಕಿಸಲು ಎರಡು ಅಡಾಪ್ಟರು.

ಬೀದಿಯ ಕೊನೆಯಲ್ಲಿ ಅಂಗಡಿ ಇದ್ದ ಎಲೆಕ್ಟ್ರಿಷಿಯನ್ ಬಂದ. ಕನ್ನಡಕವನ್ನು ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದ, ಆದರೆ ಏನನ್ನಾದರೂ ಓದಬೇಕಾದರೆ ಅದನ್ನು ಮರೆತು ವಸ್ತುವನ್ನೇ ಮೂಗಿನ ಹತ್ತಿರ ಹಿಡಿಯುತ್ತಿದ್ದ. ಕಾರು ನಿಲ್ಲಿಸುವ ಶೆಡ್ಡಿನಲ್ಲಿ ಕುಕ್ಕರಗಾಲಲ್ಲಿ ಕೂತು ಅಡಾಪ್ಟರುಗಳನ್ನು ಅಂಗೈಯಲ್ಲಿಟ್ಟು ತೋರಿಸಿದ.

"ಇದು ಸಣ್ಣ ಪಿನ್ನು ಮೇಡಂ. ಟಿವಿ ಹಾಕೋ ಸಾಕೆಟ್ಟಿಗೂ ಚುಚ್ಚಬಹುದು. ಆದ್ರೆ ಕಾರು ಹಸುಗೂಸು ಹಾಲು ಕುಡಿದ ಹಾಗೆ ಕುಡಿಯುತ್ತೆ. ಸಂಜೆ ಹಾಕಿದ್ರೆ ಬೆಳಿಗ್ಗೆಗೆ ಅರ್ಧ ತುಂಬಿದ್ರೆ ಪುಣ್ಯ. ಇದು ದೊಡ್ಡ ಪಿನ್ನು. ಗೀಸರಿಗೆ ಹಾಕ್ತೀವಲ್ಲ, ಅಂಥ ಸಾಕೆಟ್ ಬೇಕು. ದಪ್ಪ ವೈರು, ಇದಕ್ಕೇ ಅಂತ ಬೇರೆ ಟ್ರಿಪ್ ಸ್ವಿಚ್ಚು, ಗಟ್ಟಿ ಅರ್ಥಿಂಗು. ಗೋಡೆಗೆ ಕೂರಿಸೋ ಚಾರ್ಜರ್ ಪೆಟ್ಟಿಗೆನೂ ಬರುತ್ತೆ, ಅದಕ್ಕೆ ಕಂಬದಿಂದ ಹೊಸ ಲೈನೇ ಎಳೀಬೇಕು. ನಿಮಗದು ಬೇಡ."

"ಹಾಗಾದ್ರೆ ದೊಡ್ಡ ಪಿನ್ನೇ ಹಾಕಿ."

"ಹಾಕೋಣ. ಮೊದ್ಲು ಮನೆ ಲೋಡು ನೋಡ್ಬೇಕಲ್ಲ. ಮನೇಲಿ ಯಾರ್ಯಾರಿದೀರಾ?"

"ನಾನು, ಅಕ್ಕ" ಎಂದಳು.

ನಾಲಿಗೆಗೆ ಅದೇ ಅಭ್ಯಾಸ. ತಿದ್ದಿಕೊಳ್ಳಲು ಬಾಯಿ ತೆರೆದವಳು ಹಾಗೇ ಮುಚ್ಚಿದಳು. ಇಲ್ಲ, ಒಬ್ಬಳೇ ಎಂದರೆ, ಅಕ್ಕ ಎಲ್ಲಿ ಹೋದರು ಎಂದು ಕೇಳುತ್ತಾನೆ. ಮದುವೆಯಾಯಿತು ಎಂದರೆ, ಈ ವಯಸ್ಸಿನಲ್ಲೇ ಎನ್ನುತ್ತಾನೆ. ಅದು ಮುಗಿದ ಮೇಲೆ ಅವಳ ಮುಖವನ್ನೊಮ್ಮೆ ನೋಡುತ್ತಾನೆ. ಆ ನೋಟವನ್ನು ಅವಳು ಅಂಗಡಿಗಳಲ್ಲಿ, ಕಂಪನಿಯಲ್ಲಿ, ಪಕ್ಕದ ಮನೆಯ ಗೇಟಿನಲ್ಲಿ ಸಾಕಷ್ಟು ಕಂಡಿದ್ದಳು.

"ಗೀಸರ್ ಎಷ್ಟಿದೆ?"

"ಎರಡು. ನನ್ನ ಬಚ್ಚಲಿಗೊಂದು, ಅಕ್ಕಂದಕ್ಕೊಂದು."

"ಇಬ್ರೂ ಬೆಳಿಗ್ಗೆನೇ ಸ್ನಾನ ಮಾಡ್ತೀರಾ?"

"ಅಕ್ಕ ಬೇಗ ಏಳ್ತಾಳೆ. ಅವಳ ಸ್ನಾನ ಅಂದ್ರೆ ಕೇಳ್ಬೇಡಿ, ಟ್ಯಾಂಕೇ ಖಾಲಿ. ಆಮೇಲೆ ಇಸ್ತ್ರಿ ಪೆಟ್ಟಿಗೆ ಹಿಡ್ಕೊಂಡು ಕೂತ್ರೆ ಕರವಸ್ತ್ರನೂ ಬಿಡಲ್ಲ."

ಹೇಳುತ್ತ ಹೇಳುತ್ತ ಅವಳಿಗೆ ಹಿತವೆನ್ನಿಸಿತು. ಅಕ್ಕ ಒಳಗೆಲ್ಲೋ ಇದ್ದಾಳೆ, ತನ್ನ ಬಗ್ಗೆ ಆಡಿದ್ದು ಕೇಳಿಸಿ ಈಗ ಬಂದು ದಬಾಯಿಸುತ್ತಾಳೆ ಎನ್ನುವಂತೆ ಒಂದಿಷ್ಟು ದನಿ ತಗ್ಗಿಸಿಯೂ ಮಾತಾಡಿದಳು. ಎಲೆಕ್ಟ್ರಿಷಿಯನ್ ನಕ್ಕು, ಮೀಟರಿನ ಪೆಟ್ಟಿಗೆ ತೆಗೆದು ಒಳಗೆ ಇಣುಕಿ, ತಲೆಯಾಡಿಸಿದ.

"ಆಗಲ್ಲ ಮೇಡಂ. ಹಳೇ ಮನೆ. ಮೀಟರಿಂದ ಒಳಗೆ ಬರೋ ವೈರೇ ಸಪೂರ. ಎರಡು ಗೀಸರ್ ಜೊತೆಗೆ ಕಾರೂ ಎಳೆದ್ರೆ ಮೇನ್ ಸ್ವಿಚ್ ಬೀಳುತ್ತೆ, ಬೀಳದೇ ಇದ್ರೆ ವೈರು ಸುಡುತ್ತೆ. ಅದನ್ನೆಲ್ಲ ಬದಲಾಯಿಸ್ಬೇಕು ಅಂದ್ರೆ ಗೋಡೆ ಒಡೀಬೇಕು. ಒಬ್ರೇ ಇದ್ದಿದ್ರೆ ಚಿಂತೆ ಇರ್ಲಿಲ್ಲ."

ಆ ಕ್ಷಣದಲ್ಲಿ ಹೇಳಿಬಿಡಬಹುದಿತ್ತು. ಅವಳು ಚೀಲದ ಜಿಪ್ಪು ಎಳೆದಳು.

"ಸಣ್ಣ ಪಿನ್ನಿಂದೇ ಹಾಕಿ. ಹೇಗೋ ನಿಭಾಯಿಸ್ತೀನಿ."

ನಿಭಾಯಿಸುವುದು ಸುಲಭವಾಗಲಿಲ್ಲ. ಸಂಜೆ ಬಂದವಳೇ ಚಾರ್ಜಿಗೆ ಹಾಕಿದರೂ ಬೆಳಿಗ್ಗೆ ಕಾರಿನ ಪರದೆಯ ಮೇಲೆ ಹಸಿರು ಪಟ್ಟಿ ಅರ್ಧದಲ್ಲೇ ನಿಂತಿರುತ್ತಿತ್ತು. ಎರಡು ದಿನ ಓಡಾಡಿದರೆ ಮೂರನೆಯ ದಿನ ಕಾರನ್ನು ಶೆಡ್ಡಿನಲ್ಲಿ ಬಿಟ್ಟು ಬಸ್ಸು ಹಿಡಿಯಬೇಕು. ದೂರದ ಗಿರಾಕಿಗಳಿಗೆ ನಾಳೆ, ನಾಡಿದ್ದು ಎನ್ನತೊಡಗಿದಳು. ಫೋನಿನಲ್ಲಿ ಅವರಿಗೆ ಅದೂ ಸರಿಯಾಗಿ ಕೇಳಿಸುತ್ತಿರಲಿಲ್ಲ. "ಇವತ್ತೇ ಬರ್ತೀರಾ? ಒಳ್ಳೇದು, ಕಾಯ್ತಿರ್ತೀನಿ" ಎಂದು ಒಬ್ಬ ಮುದುಕಿ ಖುಷಿಯಿಂದ ಇಟ್ಟುಬಿಟ್ಟಾಗ ಕಿವಿಯಮ್ಮನಿಗೆ ಬೇರೆ ದಾರಿಯಿಲ್ಲದೆ ಹೊರಡಬೇಕಾಯಿತು.

ಆ ದಿನ ಮುದುಕಿಯ ಮನೆಯಿಂದ ಹಿಂದಿರುಗುವಾಗ ದಾರಿಯ ಏರಿನಲ್ಲಿ ಪಟ್ಟಿ ಕೆಂಪಾಯಿತು. ಮನೆ ಇನ್ನೂ ದೂರ. ಹತ್ತಿರದಲ್ಲಿದ್ದುದು ಅಕ್ಕನ ಮನೆ. ಅಕ್ಕ ಎಷ್ಟೋ ಸಲ ಕರೆದರೂ ಕೆಲಸದ ನೆಪ ಹೇಳಿ ಅವಳು ಆ ಕಡೆ ಹೋಗಿರಲಿಲ್ಲ. ಈಗ ಕಾರೇ ಅಲ್ಲಿಗೆ ಕರೆದುಕೊಂಡು ಹೋಯಿತು.

ಭಾವ ಬಾಗಿಲು ತೆಗೆದರು. ವಿಷಯ ತಿಳಿದೊಡನೆ ಅವರಿಗೆ ಎಲ್ಲಿಲ್ಲದ ಹುರುಪು ಬಂತು. ಅಂಗಡಿಯಿಂದ ತಂದು ಕೂಡಿಟ್ಟಿದ್ದ ಪ್ಲಗ್ಗು, ಹೋಲ್ಡರು, ಮೂರು ಬಾಯಿಯ ಅಡಾಪ್ಟರುಗಳಿದ್ದ ಡ್ರಾಯರನ್ನು ಕಿತ್ತೇ ತಂದು ಮೇಜಿನ ಮೇಲಿಟ್ಟರು. ಮುಂಬಾಗಿಲ ಪಕ್ಕದ ಸಾಕೆಟ್ಟಿಗೆ ಎರಡೇ ತೂತು. ಭಾವ ಒಂದು ಅಡಾಪ್ಟರಿಗೆ ಇನ್ನೊಂದು, ಅದಕ್ಕೆ ಮತ್ತೊಂದು ಸಿಕ್ಕಿಸಿ ರೈಲಿನಂತೆ ಮಾಡಿ ಹಿಡಿದರು.

"ಬೇಡ ಭಾವ. ಇದಕ್ಕೆ ಅರ್ಥಿಂಗ್ ಇಲ್ಲ, ಕಾರು ಒಪ್ಪಲ್ಲ. ಒಪ್ಪಿದ್ರೂ ಇದು ಕರಗಿ ಹೋಗುತ್ತೆ."

"ಓ, ಅಷ್ಟು ನಾಜೂಕಾ" ಎಂದು ಅವರು ಬೇಸರದಿಂದ ರೈಲನ್ನು ಬಿಡಿಸಿದರು.

ಕೊನೆಗೆ ಅಡುಗೆಮನೆಯ ಫ್ರಿಜ್ಜಿನ ಪ್ಲಗ್ ಕಿತ್ತು, ಆ ಸಾಕೆಟ್ಟಿಗೆ ಸಣ್ಣ ಪಿನ್ನು ಚುಚ್ಚಿ, ಕೇಬಲನ್ನು ಕಿಟಕಿಯಿಂದ ಹೊರಗೆ ಇಳಿಬಿಟ್ಟರು. ಮನೆ ಮುಟ್ಟುವಷ್ಟು ತುಂಬಲು ಸಂಜೆಯವರೆಗೆ ಕಾಯಬೇಕು. ಭಾವ ಅಂಗಡಿಗೆ ಹೋದರು. ಅಕ್ಕ ತಂಗಿ ಅಡುಗೆಮನೆಯ ಮೇಜಿಗೆ ಎದುರುಬದುರು ಕೂತರು.

ಅಕ್ಕ ಚಹಾ ಮಾಡಿದಳು. ಲೋಟ ಎಲ್ಲಿದೆ, ಸಕ್ಕರೆ ಡಬ್ಬಿ ಎಲ್ಲಿದೆ ಎಂದು ಅವಳ ಕೈಗೆ ಗೊತ್ತಿತ್ತು. ಕಿವಿಯಮ್ಮನಿಗೆ ಗೊತ್ತಿರಲಿಲ್ಲ. ಸಹಾಯಕ್ಕೆಂದು ಎದ್ದು ಒಂದು ಕಪಾಟು ತೆಗೆದರೆ ಅದರಲ್ಲಿ ಬರೀ ಬೂಟು ಪಾಲಿಷು. ಇಬ್ಬರೂ ನಕ್ಕರು. ಅಕ್ಕ ಚಹಾಕ್ಕೆ ಈಗ ಸಕ್ಕರೆ ಕಡಿಮೆ ಹಾಕುತ್ತಿದ್ದಳು. ಕೂದಲಿಗೆ ಬಣ್ಣ ಬಳಿಯುವುದನ್ನು ಬಿಟ್ಟಿದ್ದಳು. ಚೆನ್ನಾಗಿ ಕಾಣುತ್ತಿದ್ದಳು.

"ಅಲ್ವೇ ಪುಟ್ಟಿ, ಮನೇಲಿ ದೊಡ್ಡ ಸಾಕೆಟ್ ಹಾಕಿಸ್ಕೋಬಾರ್ದಾ? ಹೀಗೆ ದಾರೀಲಿ ಕೈ ಕೊಟ್ರೆ ಏನು ಗತಿ?"

"ಕೇಳಿದೆ. ಆಗಲ್ಲ ಅಂದ ಎಲೆಕ್ಟ್ರಿಷಿಯನ್."

"ಯಾಕೆ?"

"ಎರಡು ಗೀಸರ್ ಇದೆಯಲ್ಲ. ಲೋಡ್ ಜಾಸ್ತಿ ಆಗುತ್ತಂತೆ."

ಅಕ್ಕ ಲೋಟವನ್ನು ಕೆಳಗಿಟ್ಟಳು. "ಎರಡನೇದನ್ನ ಯಾರೇ ಹಾಕ್ತಾರೆ?"

ಕಿವಿಯಮ್ಮ ಕಿಟಕಿಯ ಕಡೆ ನೋಡಿದಳು. ಕೇಬಲ್ ಹಾಯ್ದಿದ್ದರಿಂದ ಕಿಟಕಿ ಪೂರ್ತಿ ಮುಚ್ಚಿರಲಿಲ್ಲ, ಪರದೆ ಗಾಳಿಗೆ ಅಲ್ಲಾಡುತ್ತಿತ್ತು. ಅಕ್ಕನಿಗೆ ಅರ್ಥವಾಯಿತು. ಅರ್ಥವಾದದ್ದು ಅವಳ ಉಸಿರಿನಲ್ಲಿಯೇ ಕಿವಿಯಮ್ಮನಿಗೆ ಕೇಳಿಸಿತು.

"ಇವತ್ತು ಇಲ್ಲೇ ಉಳ್ಕೋ" ಎಂದಳು ಅಕ್ಕ.

"ಬೇಡ. ಬೆಳಿಗ್ಗೆ ಕೆಲಸ ಇದೆ."

"ಕೆಲಸ ಎಲ್ಲಿಗೂ ಓಡಿ ಹೋಗಲ್ಲ."

"ನಿಮ್ಮ ಫ್ರಿಜ್ಜಲ್ಲಿರೋ ಹಾಲು ಹೋಗುತ್ತೆ" ಎಂದು ಎದ್ದು ಅವಳು ಪ್ಲಗ್ ಕಿತ್ತಳು. ಮನೆ ಮುಟ್ಟುವಷ್ಟು ಚಾರ್ಜ್ ಆಗಿತ್ತೋ ಇಲ್ಲವೋ ನೋಡಲೂ ಇಲ್ಲ. ಏಸಿ ಹಾಕದೆ, ರೇಡಿಯೋ ಹಾಕದೆ, ಇಳಿಜಾರಿನಲ್ಲಿ ತಾನಾಗಿ ಉರುಳಲು ಬಿಟ್ಟು, ಹೇಗೋ ಮನೆ ಸೇರಿದಳು.

ಮರುದಿನ ಬೆಳಿಗ್ಗೆಯೇ ಎಲೆಕ್ಟ್ರಿಷಿಯನ್ ಅಂಗಡಿಗೆ ನಡೆದುಕೊಂಡು ಹೋದಳು. ಅವನು ಷಟರ್ ಎತ್ತುತ್ತಿದ್ದ.

"ದೊಡ್ಡ ಪಿನ್ನಿನ ಸಾಕೆಟ್ ಹಾಕ್ಬೇಕು. ಅವತ್ತು ನಾನು ಸರಿಯಾಗಿ ಹೇಳಿರ್ಲಿಲ್ಲ. ಅಕ್ಕ ಅಲ್ಲಿಲ್ಲ. ಅವಳಿಗೆ ಮದುವೆಯಾಗಿದೆ. ಮನೇಲಿ ನಾನೊಬ್ಬಳೇ ಇರೋದು."

ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ, ಆ ನೋಟಕ್ಕಾಗಿ ಕಾದು ನಿಂತಳು. ಎಲೆಕ್ಟ್ರಿಷಿಯನ್ ಷಟರಿನ ಕೊಕ್ಕೆ ಸಿಕ್ಕಿಸಿ, ಕೈ ಒರೆಸಿಕೊಂಡ.

"ಅಷ್ಟೇನಾ? ಮೊದ್ಲೇ ಹೇಳಿದ್ರೆ ನಂಗೆ ಎರಡೆರಡು ಸಲ ಓಡಾಟ ತಪ್ತಿತ್ತು. ಡ್ರಿಲ್ ತಗೊಂಡು ಬರ್ತೀನಿ, ನಡೀರಿ."

ಮನೆಗೆ ಬಂದು ಶೆಡ್ಡಿನ ಗೋಡೆ ತಟ್ಟಿ ನೋಡಿದ. ಆ ಗೋಡೆಯ ಆಚೆ ಬದಿಯೇ ಅಕ್ಕನ ಬಚ್ಚಲು. ಗೀಸರಿಗೆಂದು ಎಳೆದ ದಪ್ಪ ವೈರು, ಅದಕ್ಕೆ ಬೇರೆಯೇ ಸ್ವಿಚ್ಚು, ಅರ್ಥಿಂಗು ಎಲ್ಲ ಅಲ್ಲೇ ತಯಾರಿತ್ತು. ಗೀಸರ್ ಬಿಚ್ಚಿ, ಗೋಡೆಗೊಂದು ತೂತು ಕೊರೆದು, ವೈರನ್ನು ಈ ಕಡೆ ತಂದರೆ ಕೆಲಸ ಮುಗಿಯಿತು ಎಂದ. ಅವಳು ಹೂಂ ಎಂದಳು.

ಅವನು ಸ್ಟೂಲು ಹತ್ತಿ ಗೀಸರಿನ ಪೈಪಿಗೆ ಕೈಯಿಟ್ಟವನು ಥಟ್ಟನೆ ಹಿಂದೆಗೆದ.

"ಬಿಸಿ ಇದೆಯಲ್ಲ. ಈಗ ತಾನೇ ಯಾರೋ ಹಾಕಿದ್ದಾರೆ."

ಅವಳು ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. "ನಾನೇ. ಎದ್ದ ತಕ್ಷಣ ಎರಡೂ ಸ್ವಿಚ್ ಹಾಕೋದು ಅಭ್ಯಾಸ. ಆಮೇಲೆ ನೆನಪಾಗುತ್ತೆ, ಹೋಗಿ ಆರಿಸ್ತೀನಿ."

ಎಲೆಕ್ಟ್ರಿಷಿಯನ್ ಸ್ಟೂಲಿನಿಂದ ಇಳಿದ. "ನೀರು ಖಾಲಿ ಮಾಡ್ದೆ ಬಿಚ್ಚೋಕಾಗಲ್ಲ ಮೇಡಂ. ಬಕೆಟ್ ಕೊಡಿ. ಬಿಸಿನೀರು ಸುಮ್ನೆ ಯಾಕೆ ಚೆಲ್ಲೋದು, ಏನಾದ್ರೂ ಒಗೆಯೋದಿದ್ರೆ ಹಾಕ್ಕೊಳ್ಳಿ."

ಒಂದೊಂದೇ ಬಕೆಟ್ ಹಿಡಿದು ಅವಳು ಹಿತ್ತಲಿಗೆ ಹೊತ್ತಳು. ತನ್ನ ಹೊದಿಕೆ, ಪರದೆಗಳು, ಅಕ್ಕನ ಮಂಚದ ಮೇಲೆ ಹಾಸಿದಂತೆಯೇ ಉಳಿದಿದ್ದ ಚಾದರ, ಎಲ್ಲವನ್ನೂ ಆ ನೀರಿನಲ್ಲಿ ನೆನೆಹಾಕಿದಳು. ಒಳಗೆ ಡ್ರಿಲ್ಲು ಗೋಡೆ ಕೊರೆಯುತ್ತಿತ್ತು. ಚಾದರ ಹಿಂಡುತ್ತ ಅವಳು ಅತ್ತಳು. ಆ ಸದ್ದಿನಲ್ಲಿ ಅಳುವುದಕ್ಕೆ ಯಾರಿಗೂ ಹೆದರಬೇಕಾಗಿರಲಿಲ್ಲ.

ಭಾನುವಾರ ಅಕ್ಕ ಒಬ್ಬಳೇ ಬಂದಳು. ಮಾತಾಡುತ್ತ ಮಾತಾಡುತ್ತ ಮುಖ ತೊಳೆದು ಬರುತ್ತೇನೆಂದು ತನ್ನ ಬಚ್ಚಲಿಗೆ ಹೋದಳು. ಗೀಸರ್ ತೆಗೆಸಿದ್ದನ್ನು ಕಿವಿಯಮ್ಮ ಹೇಳಬೇಕೆಂದುಕೊಳ್ಳುವಷ್ಟರಲ್ಲಿ ಬಾಗಿಲು ಹಾಕಿಕೊಂಡಾಗಿತ್ತು. ನಲ್ಲಿಯ ಸದ್ದು ಬರಲಿಲ್ಲ. ಹೊರಗೆ ಬಂದಾಗ ಅಕ್ಕನ ಮುಖ ಒಣಗಿಯೇ ಇತ್ತು.

"ಅಚ್ಚುಕಟ್ಟಾಗಿ ಮಾಡಿದ್ದಾನೆ" ಎಂದಳು. "ಗುರುತೇ ಸಿಗಲ್ಲ."

"ನಿಂಗೆ ಬೇಜಾರಾಯ್ತಾ?"

"ನಾನೇ ಅಲ್ವಾ ಕೇಳಿದ್ದು, ಎರಡನೇದನ್ನ ಯಾರು ಹಾಕ್ತಾರೆ ಅಂತ." ಅಕ್ಕ ನಗಲು ನೋಡಿದಳು. "ಬೇಜಾರಲ್ಲ ಪುಟ್ಟಿ. ಇದು ಹೀಗೇ ಇರುತ್ತೆ ಅಂತ ಅಂದ್ಕೊಂಡಿದ್ದೆ ನೋಡು, ನನಗೋಸ್ಕರ. ಎಂಥ ಸ್ವಾರ್ಥಿ ನಾನು."

ಆಮೇಲೆ ಕಪಾಟಿನಲ್ಲಿ ಬಿಟ್ಟು ಹೋಗಿದ್ದ ಬಟ್ಟೆಗಳನ್ನು ತೆಗೆಯತೊಡಗಿದಳು. ಒಂದು ಚೀಲ ಕೊಡು ಎಂದಳು. ಕಿವಿಯಮ್ಮ ಚೀಲದ ಬಾಯಿ ಹಿಡಿದುಕೊಂಡು ನಿಂತಳು, ಅಕ್ಕ ಮಡಿಸಿ ಮಡಿಸಿ ತುಂಬಿದಳು. ಒಂದು ಸ್ವೆಟರನ್ನು ಮಾತ್ರ, ನಿಂಗೇ ಸರಿಹೋಗುತ್ತೆ ಎಂದು ತಂಗಿಯ ಹೆಗಲ ಮೇಲೆ ಹಾಕಿದಳು. ಸಂಜೆ ಕಾರಿನಲ್ಲಿ ಬಿಟ್ಟು ಬರುತ್ತೇನೆಂದರೆ ಬೇಡವೆಂದಳು. ಭಾವ ಬಂದು ಕರೆದುಕೊಂಡು ಹೋದರು.

ಸೋಮವಾರ ಕಾರಿನ ಪರದೆಯ ಮೇಲೆ ಪಟ್ಟಿ ತುದಿಯವರೆಗೂ ಹಸಿರಾಗಿತ್ತು. ಬಾಕಿ ಉಳಿದಿದ್ದ ದೂರದ ಗಿರಾಕಿಗಳನ್ನೆಲ್ಲ ಅವಳು ಒಂದೇ ದಿನ ಮುಗಿಸಿದಳು. ಒಬ್ಬರ ಮಷೀನಿನಲ್ಲಿ ಕಿವಿಯ ಗುಗ್ಗೆ ಕಟ್ಟಿಕೊಂಡಿತ್ತು, ಇನ್ನೊಬ್ಬರು ಬ್ಯಾಟರಿ ತಿರುಗುಮುರುಗು ಹಾಕಿದ್ದರು, ಮತ್ತೊಬ್ಬರಿಗೆ ಏನೂ ಆಗಿರಲಿಲ್ಲ, ಸುಮ್ಮನೆ ಮಾತಾಡಲು ಕರೆಸಿದ್ದರು. ಅವರ ಹತ್ತಿರವೇ ಅವಳು ಹೆಚ್ಚು ಹೊತ್ತು ಕೂತಳು. ಮನೇಲಿ ಯಾರಿದಾರೆ ಎಂದು ಅವರು ಕೇಳಿದರು. ಒಬ್ಬಳೇ ಎಂದಳು. ಅವರಿಗೆ ಕೇಳಿಸಲಿಲ್ಲ. ಇನ್ನೊಮ್ಮೆ, ಗಟ್ಟಿಯಾಗಿ, ಬಿಡಿಸಿ ಹೇಳಿದಳು.