ತಮ್ಮನ ಕೀಲಿಕೈ

ಊರಿಗೆಲ್ಲ ಬೀಗ ರಿಪೇರಿ ಮಾಡಿಕೊಡುವ ನನ್ನ ಮನೆಯ ಬಾಗಿಲಿಗೆ ಊರಲ್ಲೇ ಅತ್ಯಂತ ದರಿದ್ರ ಬೀಗವಿದೆ. ಬಾಗಿಲು ಎಳೆದರೆ ಬೀಗ ತಾನೇ ಬೀಳುತ್ತದೆ, ಹೊರಗಿನಿಂದ ತೆಗೆಯಲು ಕೀಲಿಕೈ ಬೇಕೇ ಬೇಕು. ಮಳೆಗಾಲದಲ್ಲಿ ಕೀಲಿಕೈ ಇದ್ದರೂ ಬಾಗಿಲಿಗೊಂದು ಒದೆ ಕೊಡಬೇಕು. ಕಂಡವರು ಹಲ್ಲು ಕಿಸಿಯುತ್ತಾರೆ. ಕಿಸಿಯಲಿ ಬಿಡಿ. ಅದನ್ನು ಬದಲಾಯಿಸುವ ಹಾಗಿಲ್ಲ ಅಂತ ಅಮ್ಮನ ಆಜ್ಞೆ. ತಮ್ಮ ಮನೆ ಬಿಟ್ಟು ಹೋದ ದಿನದಿಂದ ಆ ಆಜ್ಞೆ ಜಾರಿಯಲ್ಲಿದೆ.

ತಮ್ಮ ನನ್ನ ಜೊತೆ ಅಂಗಡಿಯಲ್ಲೇ ಕೆಲಸ ಮಾಡುತ್ತಿದ್ದ. ಒಂದು ದಿನ ಗಿರಾಕಿಗಳ ಮುಂದೆಯೇ ನಮ್ಮಿಬ್ಬರಿಗೂ ಮಾತಿಗೆ ಮಾತು ಬೆಳೆಯಿತು. ಮಾರನೇ ಬೆಳಿಗ್ಗೆ ನೋಡಿದರೆ ಅವನ ಹಾಸಿಗೆ ಖಾಲಿ. ನನಗೆ ನಖಶಿಖಾಂತ ಉರಿದು ಹೋಯಿತು. ಸಂಜೆ ಅಂಗಡಿಯಿಂದ ಹೊಸ ಬೀಗ ತಂದು, ಸ್ಕ್ರೂಡ್ರೈವರ್ ಹಿಡಿದು ಬಾಗಿಲ ಮುಂದೆ ಕೂತೆ. ಅಮ್ಮ ಒಳಗಿನಿಂದ ಬಂದು ಬಾಗಿಲಿಗೆ ಅಡ್ಡ ನಿಂತಳು.

"ಅವನು ಕೀಲಿಕೈ ತಗೊಂಡು ಹೋಗಿದ್ದಾನೆ. ವಾಪಸ್ ಬರಬೇಕು ಅಂತ ಇರೋನೇ ತಾನೆ ತಗೊಂಡು ಹೋಗೋದು? ಆ ಬೀಗದ ಮೇಲೆ ಕೈ ಹಾಕಿದ್ರೆ ನೋಡು."

ಆಮೇಲೆ ವರ್ಷಗಳೇ ಉರುಳಿದವು. ಫೋನಿಲ್ಲ, ಸುದ್ದಿಯಿಲ್ಲ. ಮೊದಮೊದಲು ಅಲ್ಲಿ ಇಲ್ಲಿ ವಿಚಾರಿಸಿದೆ, ಆಮೇಲೆ ಬಿಟ್ಟೆ. ಕೀಲಿಕೈ ಅವನ ಹತ್ತಿರವೇ ಇದೆಯಲ್ಲ, ಬರಬೇಕು ಅನಿಸಿದಾಗ ಬರುತ್ತಾನೆ, ನಾನ್ಯಾಕೆ ಊರೂರು ಅಲೆಯಲಿ? ಅಮ್ಮ ಆ ಕೀಲಿಕೈಯನ್ನು ನೆಚ್ಚಿಕೊಂಡು ಜೀವ ಹಿಡಿದಿದ್ದಳು. ನಾನು ಅದನ್ನೇ ನೆಚ್ಚಿಕೊಂಡು ನಿದ್ದೆ ಮಾಡುತ್ತಿದ್ದೆ.

ನದಿಯ ಹುಚ್ಚು ನನಗೆ ಹತ್ತಿದ್ದು ಆಮೇಲೆ. ನಮ್ಮೂರಿಗೆ ಸಮುದ್ರ ಹತ್ತಿರ. ಹಾಗಾಗಿ ನದಿಯ ನೀರು ದಿನವೂ ಏರುತ್ತದೆ, ಇಳಿಯುತ್ತದೆ. ಇಳಿದಾಗ ದಡದಲ್ಲಿ ಅಗಲವಾಗಿ ಕೆಸರು ತೆರೆದುಕೊಳ್ಳುತ್ತದೆ. ಊರು ಹುಟ್ಟಿದಾಗಿನಿಂದ ಜನ ಬೀಳಿಸಿದ್ದು, ಬಿಸಾಡಿದ್ದು ಎಲ್ಲ ಅದರ ಮೇಲೆ ಬಂದು ಕೂತಿರುತ್ತದೆ. ಹಳೇ ಗುಂಡಿಗಳು, ಪಿಂಗಾಣಿ ಚೂರು, ದೋಣಿಯ ಮೊಳೆ, ಯಾರದೋ ಬೆರಳಿನ ಉಂಗುರ. ನಾನು ಅಗೆಯುವವನಲ್ಲ, ಕೆದಕುವವನೂ ಅಲ್ಲ. ಬೆನ್ನು ಬಗ್ಗಿಸಿ, ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾ ನಡೆಯುವುದಷ್ಟೇ. ನನ್ನ ಹೆಂಡತಿ ನನಗೆ 'ಕೆಸರು ಕೊಕ್ಕರೆ' ಅಂತ ಹೆಸರಿಟ್ಟಿದ್ದಾಳೆ.

ಅಮ್ಮನಿಗೆ ಮೊದಲು ಇದು ಸುತರಾಂ ಹಿಡಿಸಲಿಲ್ಲ. ಮಾಡೋಕೆ ಬೇರೆ ಹುಚ್ಚು ಸಿಗಲಿಲ್ಲವಾ ನಿನಗೆ ಅಂತ ರಂಪ ಮಾಡಿದಳು. ಆಮೇಲೆ ಏನನ್ನಿಸಿತೋ, ಸಿಕ್ಕಿದ್ದನ್ನೆಲ್ಲ ತೊಳೆಯುವ ಕೆಲಸ ತನ್ನದು ಅಂದಳು. ಅಂದಿನಿಂದ ಭಾನುವಾರ ನಾನು ಬರುವಷ್ಟರಲ್ಲಿ ಹಿತ್ತಲ ಮೆಟ್ಟಿಲ ಮೇಲೆ ಹಳೇ ಪೇಪರ್ ಹಾಸಿ, ಬೇಸಿನ್ನಿನಲ್ಲಿ ನೀರು ತುಂಬಿ, ಸವೆದ ಹಲ್ಲುಜ್ಜುವ ಬ್ರಷ್ ಹಿಡಿದು ಕೂತಿರುತ್ತಾಳೆ. ಒಂದೊಂದನ್ನೂ ತಿಕ್ಕಿ, ಬೆಳಕಿಗೆ ಹಿಡಿದು ನೋಡಿ ಪಕ್ಕಕ್ಕಿಡುತ್ತಾಳೆ.

ಮನೆಯಿಂದಾಚೆ ಮಾತ್ರ ಕಾಲಿಡುವುದಿಲ್ಲ. ಕೇಳಿದರೆ ಮೊಣಕಾಲು ನೋವು. ಮೊಮ್ಮಗಳ ಮದುವೆಗೆ ಬರಲಿಲ್ಲ. ಒಡಹುಟ್ಟಿದ ತಂಗಿ ತೀರಿಕೊಂಡಾಗಲೂ ಹೋಗಲಿಲ್ಲ, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಅತ್ತಳು. ಅದೇ ಮೊಣಕಾಲು ಹಿತ್ತಲ ಮೆಟ್ಟಿಲನ್ನು ದಿನಕ್ಕೆ ನೂರು ಸಲ ಹತ್ತಿ ಇಳಿಯುತ್ತದೆ. ವಯಸ್ಸಾದವರ ಹಠ, ಏನು ಮಾಡೋಕಾಗುತ್ತೆ ಅಂತ ನಾವು ಬಿಟ್ಟುಬಿಟ್ಟಿದ್ದೆವು.

ಹೋದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಸೇತುವೆಯ ಎರಡನೇ ಕಂಬದ ಬಳಿ ಕೆಸರಲ್ಲಿ ಹಿತ್ತಾಳೆಯ ತುಣುಕೊಂದು ಹಳದಿಯಾಗಿ ಮಿನುಗಿತು. ಬಗ್ಗಿ ಎತ್ತಿದೆ. ಕೀಲಿಕೈ. ಕೀಲಿಕೈ ಸಿಗುವುದು ಹೊಸದೇನಲ್ಲ, ಡಬ್ಬಿ ತುಂಬ ಇವೆ. ಹೆಬ್ಬೆರಳಿನಿಂದ ಕೆಸರು ಒರೆಸಿದೆ. ಅದರ ತಲೆಯ ಮೇಲೆ ಒಂದು ಮೀನು.

ಮೀನು ಅಂದರೆ ಮೀನೇನಲ್ಲ. ಅರದಿಂದ ಎಳೆದ ಎರಡು ಬಾಗಿದ ಗೀರು, ಒಂದು ಬಾಲ. ತಮ್ಮ ದಿನಾ ನನ್ನ ಕೀಲಿಕೈ ಎತ್ತಿಕೊಂಡು ಹೋಗುತ್ತಿದ್ದ ಅಂತ ರೇಗಿ, ಅವನದಕ್ಕೆ ಗುರುತಿಗಾಗಿ ನಾನೇ ಕೊರೆದಿದ್ದೆ. ಇದೇನೋ ಅಣ್ಣ, ಮೀನಿಗೆ ಹೊಟ್ಟೆ ನೋವಾ ಅಂತ ಅವನು ನಕ್ಕಿದ್ದ.

ಅಲ್ಲೇ ಕೆಸರಲ್ಲಿ ನಿಂತುಬಿಟ್ಟೆ. ಇದರ ಅರ್ಥ ಏನು? ಹೋಗುವಾಗ ಸೇತುವೆ ಮೇಲಿಂದ ಎಸೆದು ಹೋದನೇ? ಹಾಗಿದ್ದರೆ ಅವನು ಬರುವವನೇ ಅಲ್ಲ, ಅಮ್ಮ ಇಷ್ಟು ವರ್ಷ ಕಾದದ್ದು ಗಾಳಿಗೆ. ಅಥವಾ ಒಂದು ದಿನ ವಾಪಸ್ ಬರುತ್ತಿರುವಾಗ ಜೇಬಿನಿಂದ ಬಿದ್ದು ಹೋಯಿತೇ? ಕೀಲಿಕೈ ಇಲ್ಲದೆ ಹೇಗೆ ಬರಲಿ ಅಂತ ತಿರುಗಿ ಹೋದನೇ? ಛೆ, ಬಾಗಿಲು ತಟ್ಟಲು ಏನಾಗಿತ್ತು ಅವನಿಗೆ! ಮೂರನೆಯ ಯೋಚನೆ ಬಂದಾಗ ಕತ್ತೆತ್ತಿ ಸೇತುವೆಯ ಕಡೆ ನೋಡಿದೆ. ಕೀಲಿಕೈ ಒಂದೇ ಬಿದ್ದಿರಲಿಕ್ಕಿಲ್ಲ.

ಕಂಬದ ಸುತ್ತ ಹುಚ್ಚನ ಹಾಗೆ ಹುಡುಕಿದೆ. ಎಂದೂ ಅಗೆಯದವನು ಅವತ್ತು ಹತ್ತು ಬೆರಳಲ್ಲೂ ಕೆಸರು ಬಗೆದೆ. ಒಂದು ಚಪ್ಪಲಿಯ ಅಟ್ಟೆ ಕೈಗೆ ಸಿಕ್ಕಿತು, ಜೀವವೇ ಬಾಯಿಗೆ ಬಂತು. ತೊಳೆದು ನೋಡಿದರೆ ಯಾವಳೋ ಹೆಂಗಸಿನ ಎತ್ತರದ ಹಿಮ್ಮಡಿಯದು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನೀರು ಏರತೊಡಗಿ ಮೊಣಕಾಲಿಗೆ ಬಂದ ಮೇಲೆಯೇ ನಾನು ದಡ ಹತ್ತಿದ್ದು.

ಮನೆಯ ಮುಂದೆ ಹೆಂಡತಿ ಬಟ್ಟೆ ಒಣಗಿಸುತ್ತಿದ್ದಳು. ಕೀಲಿಕೈ ತೋರಿಸಿ ಪಿಸುಗುಟ್ಟಿದೆ. ಅವಳ ಮುಖ ಬಿಳಿಚಿಕೊಂಡಿತು. ಸಿಟ್ಟಲ್ಲಿ ಎಸೆದಿರ್ತಾರೆ ಬಿಡಿ ಅಂದಳು. ಒಂದು ಲಂಗ ಹಿಂಡಿ ಹಾಕುವಷ್ಟರಲ್ಲಿ, ಇಲ್ಲರೀ, ಯಾರೋ ಕದ್ದು ಬಿಸಾಡಿರ್ತಾರೆ ಅಂದಳು. ಇನ್ನೊಂದು ಬಟ್ಟೆ ಎತ್ತಿಕೊಂಡವಳು ಅದನ್ನು ಹಾಕದೆ ಹಾಗೇ ನಿಂತು ಕಣ್ಣೊರೆಸಿಕೊಂಡಳು. ನನಗಿದ್ದ ಮೂರು ಯೋಚನೆ ಸಾಲದು ಅಂತ ಅವಳದ್ದೂ ಸೇರಿ ತಲೆ ಚಿಟ್ಟು ಹಿಡಿಯಿತು. ಒಂದು ಮಾತಿಗೆ ಮಾತ್ರ ಇಬ್ಬರೂ ಒಪ್ಪಿದೆವು, ಅತ್ತೆಗೆ ಗೊತ್ತಾಗಬಾರದು ಅಂದಳು ಅವಳು. ಗೊತ್ತಾದರೆ ಆ ಮುದಿಜೀವ ಉಳಿಯುವುದಿಲ್ಲ ಅಂದೆ ನಾನು.

ಹಿತ್ತಲಿಗೆ ಹೋದೆ. ಅಮ್ಮ ಬೇಸಿನ್ ಮುಂದೆ ತಯಾರಾಗಿ ಕೂತಿದ್ದಳು. ಪೇಪರ್ ಮೇಲೆ ನಾಲ್ಕಾರು ಗುಂಡಿ, ಪಿಂಗಾಣಿ ಚೂರು ಸುರಿದೆ. ಎಲ್ಲ ತಿಕ್ಕಿ ತೊಳೆದಳು. ಇಷ್ಟೇನಾ ಅಂದಳು. ಇಷ್ಟೇ ಅಂದೆ. ನನ್ನ ಉಗುರಿನ ಸಂದಿಯ ಕೆಸರು ನೋಡಿದಳು, ಪ್ಯಾಂಟಿನ ಜೇಬೊಳಗಿದ್ದ ಎಡಗೈ ನೋಡಿದಳು. ಊಟದ ಹೊತ್ತಿಗೂ ಆ ಕೈ ಜೇಬಿನಿಂದ ಹೊರಗೆ ಬಂದಿರಲಿಲ್ಲ.

"ಜೇಬಲ್ಲಿರೋದು ಕೊಡು," ಅಂದಳು ಅಮ್ಮ.

ಏನೂ ಇಲ್ಲ ಅಂತ ತೊದಲಿದೆ. ಅವಳು ಕೈ ಚಾಚಿಯೇ ಇದ್ದಳು. ಚಿಕ್ಕಂದಿನಲ್ಲಿ ಕದ್ದ ಗೋಲಿ ಕಕ್ಕಿಸುವಾಗಲೂ ಹೀಗೇ ಚಾಚುತ್ತಿದ್ದಳು. ಕೊಟ್ಟುಬಿಟ್ಟೆ. ಹೆಂಡತಿ ಎದ್ದು, ಅತ್ತೆ ಬಿದ್ದರೆ ಹಿಡಿಯಲು ಅಂತ ಕುರ್ಚಿಯ ಹಿಂದೆ ಹೋಗಿ ನಿಂತಳು.

ಅಮ್ಮ ಬೀಳಲಿಲ್ಲ. ಮೀನಿನ ಮೇಲೆ ಬೆರಳಾಡಿಸಿ, ಕೀಲಿಕೈಯನ್ನು ತಟ್ಟೆಯ ಪಕ್ಕಕ್ಕಿಟ್ಟಳು.

"ಅಂತೂ ಸಿಕ್ತಾ," ಅಂದಳು. "ನಟ್ಟ ನಡು ನೀರಿಗೇ ಎಸೆದಿದ್ದೆ. ಎಲ್ಲಿಗೂ ಹೋಗಿಲ್ಲ ನೋಡು."

ನಾನು ಕಕ್ಕಾಬಿಕ್ಕಿಯಾದೆ. ಎಸೆದಿದ್ದೆ ಅಂದರೆ ಯಾರು ಎಸೆದದ್ದು? ಹೆಂಡತಿ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಅಮ್ಮ ಅನ್ನ ಕಲಸುತ್ತಲೇ ಹೇಳಿದಳು. ಅವತ್ತು ಬೆಳಿಗ್ಗೆ ಅವಳು ಎದ್ದಾಗ ತಮ್ಮ ಹೋಗಿಯಾಗಿತ್ತು. ಕೀಲಿಕೈ ಕನ್ನಡಿಯ ಮುಂದಿನ ಹಲಗೆಯ ಮೇಲಿತ್ತು. ಮರೆತು ಹೋದದ್ದಲ್ಲ, ಎಲ್ಲರಿಗೂ ಕಾಣಲಿ ಅಂತಲೇ ನಟ್ಟನಡುವೆ ಇಟ್ಟು ಹೋಗಿದ್ದ. ನಾವು ಏಳುವ ಮುಂಚೆ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು, ಬಾಗಿಲು ಎಳೆಯದೆ ಓರೆಯಾಗಿ ಬಿಟ್ಟು, ಸೇತುವೆಗೆ ಹೋಗಿ ಬಂದಿದ್ದಳು.

"ಯಾಕಮ್ಮಾ?"

"ನಿನ್ನ ಕೋಪ ನನಗೆ ಗೊತ್ತಿಲ್ವಾ? ಕೀಲಿಕೈ ಬಿಟ್ಟು ಹೋದ ಅಂತ ಗೊತ್ತಾಗಿದ್ರೆ ನೀನು ಬೀಗ ಅಲ್ಲ, ಬಾಗಿಲನ್ನೇ ಮುಚ್ಚಿ ಗೋಡೆ ಕಟ್ಟಿಬಿಡ್ತಿದ್ದೆ. ತಗೊಂಡು ಹೋಗಿದ್ದಾನೆ ಅಂದ್ರೆ ಕಾಯ್ತೀಯ ಅಂದ್ಕೊಂಡೆ."

ಮನೆಯಲ್ಲೇ ಎಲ್ಲಾದರೂ ಬಚ್ಚಿಟ್ಟಿದ್ದರೆ ಒಂದಲ್ಲ ಒಂದು ದಿನ ನನ್ನ ಕೈಗೆ ಸಿಗುತ್ತದೆ ಅಂತ ನದಿಗೆ ಹಾಕಿದಳಂತೆ. ಅವಳ ಗ್ರಹಚಾರಕ್ಕೆ ನನಗೆ ಹುಚ್ಚು ಹಿಡಿದದ್ದೂ ಅದೇ ನದಿಯದು. ಪ್ರತಿ ಭಾನುವಾರ ಬೇಸಿನ್ ಮುಂದೆ, ಇವತ್ತು ಬಂತಾ, ಇವತ್ತು ಬಂತಾ ಅಂತ ಎದೆ ಹಿಡಿದುಕೊಂಡು ಕೂತಿರುತ್ತಿದ್ದಳಂತೆ. ಅವಳು ತೊಳೆಯುತ್ತಿದ್ದುದು ಯಾಕೆ ಅಂತ ಆಗ ಗೊತ್ತಾಯಿತು. ಆದರೂ ನನ್ನ ತಲೆಯೊಳಗೆ ಏನೋ ಒಂದು ಕೂರುತ್ತಿರಲಿಲ್ಲ. ಬೀಗ ರಿಪೇರಿಯವನ ಬುದ್ಧಿ ಅಲ್ಲಿಗೇ ಹೋಗುವುದು.

"ಅಲ್ಲಮ್ಮಾ, ಅವನ ಹತ್ರ ಕೀಲಿಕೈ ಇಲ್ಲ ಅಂತ ನಿನಗೆ ಗೊತ್ತಿತ್ತು. ಮತ್ತೆ ಬಂದ್ರೆ ಒಳಗೆ ಬರೋದು ಹೇಗೆ?"

ಅಮ್ಮ ನನ್ನನ್ನು ದಡ್ಡನನ್ನು ನೋಡುವ ಹಾಗೆ ನೋಡಿದಳು.

"ನಾನಿರ್ತೀನಲ್ಲೋ ಮನೇಲಿ," ಅಂದಳು.

ಹೆಂಡತಿ ಕುರ್ಚಿಯ ಬೆನ್ನನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಮೊಮ್ಮಗಳ ಮದುವೆ, ತಂಗಿಯ ಸಾವು, ಆ ಮೊಣಕಾಲು. ನಾವು ಹಠ ಅಂದುಕೊಂಡದ್ದು. ನಾನು ತಟ್ಟೆಯ ಮುಂದೆಯೇ ಚಿಕ್ಕ ಹುಡುಗನ ಹಾಗೆ ಅತ್ತುಬಿಟ್ಟೆ. ಅಮ್ಮ ಸಮಾಧಾನ ಮಾಡಲಿಲ್ಲ, ಅನ್ನ ಆರುತ್ತದೆ ತಿನ್ನು ಅಂದಳು.

ಮುಂದಿನ ಭಾನುವಾರ ನಾನು ನದಿಗೆ ಹೋಗಲಿಲ್ಲ. ನಾನಿರ್ತೀನಿ, ನೀನು ಹೋಗಿ ಬಾ ಅಂದೆ. ಅಮ್ಮ ಹೊಸ್ತಿಲಲ್ಲಿ ಬಹಳ ಹೊತ್ತು ನಿಂತಳು. ಕುರ್ಚಿ ಬಿಟ್ಟು ಏಳಲ್ಲ ತಾನೆ ಅಂತ ಕೇಳಿದಳು. ಸ್ನಾನಕ್ಕೂ ಹೋಗಲ್ಲ ಅಂತ ಮಾತು ಕೊಟ್ಟೆ. ಸೊಸೆಯ ತೋಳು ಹಿಡಿದು, ಎರಡೆರಡು ಹೆಜ್ಜೆಗೆ ತಿರುಗಿ ನೋಡುತ್ತಾ ಹೋದಳು.

ಅವಳ ಕುರ್ಚಿಯಲ್ಲಿ ಕೂತೆ. ಬೆಳಕಿಗಾಗಿ ಅಲ್ಲಿ ಕೂರುತ್ತಾಳೆ ಅಂದುಕೊಂಡಿದ್ದೆ. ಅಲ್ಲಿಂದ ಓಣಿ ತಿರುವಿನವರೆಗೂ ಕಾಣುತ್ತದೆ. ತಿರುವಿನಲ್ಲಿ ಯಾರಾದರೂ ಮೂಡಿದರೆ ನನಗೇ ಗೊತ್ತಿಲ್ಲದೆ ಕತ್ತು ನಿಗುರುತ್ತಿತ್ತು. ಬಂದರೆ ಏನು ಮಾತಾಡಲಿ? ಬೈಯಲೋ, ತಬ್ಬಿಕೊಳ್ಳಲೋ? ಕೀಲಿಕೈಯನ್ನು ಹಾಗೆ ನಟ್ಟನಡುವೆ ಇಟ್ಟು ಹೋದವನು ಯಾಕಾದರೂ ಬರುತ್ತಾನೆ? ನನಗೆ ಅವನು ಬರಬೇಕೋ ಬೇಡವೋ ಅನ್ನುವುದೇ ಸ್ಪಷ್ಟವಾಗಲಿಲ್ಲ. ಯೋಚಿಸುತ್ತಾ ಯೋಚಿಸುತ್ತಾ ಕಣ್ಣು ಎಳೆಯಿತು.

ಬಾಗಿಲು ತಟ್ಟಿದ ಸದ್ದು. ಎರಡು ಸಲ, ಮೆಲ್ಲಗೆ, ಒಳಗಿನವರು ಏನನ್ನುತ್ತಾರೋ ಅನ್ನುವ ಹಾಗೆ. ಹೆಂಡತಿಯ ಹತ್ತಿರ ಕೀಲಿಕೈ ಇದೆ, ಅವಳು ತಟ್ಟುವುದಿಲ್ಲ. ಧಿಗ್ಗನೆ ಎದ್ದೆ, ಸ್ಟೂಲಿಗೆ ಎಡವಿದೆ, ಅದು ಉರುಳಿ ಬಿತ್ತು. ಬರಬೇಕೋ ಬೇಡವೋ ಅಂದುಕೊಂಡದ್ದೆಲ್ಲ ಎಲ್ಲಿ ಹೋಯಿತೋ, ಬೀಗಕ್ಕೆ ಕೈ ಹಾಕಿದೆ. ಎಳೆದು ತೆಗೆದೆ.

ಅಮ್ಮ ನಿಂತಿದ್ದಳು. ಕಾಲಿಗೆಲ್ಲ ಕೆಸರು, ಅಂಗೈಯಲ್ಲೊಂದು ಬಿಳೀ ಗುಂಡಿ. ಸೊಸೆಯನ್ನು ತರಕಾರಿ ಅಂಗಡಿಯಲ್ಲೇ ಬಿಟ್ಟು ಮುಂದೆ ಬಂದಿದ್ದಳು. ಹೊರಗೇ ಹೋಗದವಳಿಗೆ ಕೀಲಿಕೈ ಯಾಕೆ ಅಂತ ಅವಳಿಗೆ ನಾನು ಒಂದೂ ಮಾಡಿಕೊಟ್ಟಿರಲಿಲ್ಲ.

ಅವಳು ನನ್ನ ಮುಖವನ್ನೇ ನೋಡಿದಳು.

"ನಾನೇ ಕಣೋ," ಅಂದಳು, ಏನೋ ತಪ್ಪು ಮಾಡಿದವಳ ಹಾಗೆ.