ಗೋಡೆ ನೋಡುತ್ತ ಕೂತ ಒಂಬತ್ತು ದಿನ

ಮದುವೆ ಮನೆಯ ಹೆಂಗಸು ಆರು ಹೂಮಾಲೆ ಕೊಂಡು ಕೈಗೆ ಹಾಕಿದ ಬೆಳ್ಳಿ ನಾಣ್ಯ ಹೊಚ್ಚ ಹೊಸದು. ಹೂ ಮಾರುವ ಕ್ರೆಸ್ತೆ ಅದನ್ನು ತಿರುಗಿಸಿ ನೋಡುವ ಮೊದಲೇ ಪಕ್ಕದಲ್ಲಿ ಧೂಪ ಮಾರುವ ಮುದುಕಿ ಹಿಸ್ಪುಲ್ಲಾ ಕತ್ತು ಚಾಚಿದಳು.

"ಎಲ್ಲಿ, ತೋರ್ಸೇ. ನಮ್ಮ ದೇವಿ ಹೆಂಗ್ ಬಂದವ್ಳೆ ನೋಡಾಣ."

ಕೀಟಲೆಗೆ ಕಾರಣವಿತ್ತು. ಕ್ರೆಸ್ತೆಯ ಗಂಡ ದಿಫಿಲಸ್ ಬೆಟ್ಟದ ಮೇಲೆ ಜೂನೋ ದೇವಿಯ ಗುಡಿಯ ಪಕ್ಕದ ಟಂಕಸಾಲೆಯಲ್ಲಿ ನಾಣ್ಯದ ಅಚ್ಚು ಕೊರೆಯುವವನು. ಹೊಸ ನಾಣ್ಯದ ಮೇಲೆ ಬರುವ, ಸಂಸಾರದ ಒಗ್ಗಟ್ಟು ಕಾಯುವ ದೇವಿ ಕೊಂಕಾರ್ಡಿಯಾಗೆ ಈ ಸಲ ನಿನ್ನ ಮುಖವನ್ನೇ ಇಡುತ್ತೇನೆ ಎಂದಿದ್ದ. ಒಂಬತ್ತು ಮಧ್ಯಾಹ್ನ ಅವಳನ್ನು ಕಿಟಕಿಯ ಬಳಿ ಕೂರಿಸಿ ಮೇಣದಲ್ಲಿ ಮಾದರಿ ತಿದ್ದಿದ್ದ. ಅವಳೋ, ಬಾಯಿ ತಡೆಯದೆ ಮೆಟ್ಟಿಲು ಬೀದಿಗೆಲ್ಲ ಸಾರಿಬಿಟ್ಟಿದ್ದಳು.

ನಾಣ್ಯದಲ್ಲಿದ್ದ ಮುಖ ಅವಳದಲ್ಲ.

ಅಚ್ಚಿನಲ್ಲಿ ಎಡಕ್ಕಿರುವುದು ನಾಣ್ಯದಲ್ಲಿ ಬಲಕ್ಕೆ ಬರುತ್ತದೆ, ಅದಕ್ಕೇ ಹೀಗೆ ಕಾಣುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು. ಮುದುಕಿಯ ಕಂಚಿನ ಕನ್ನಡಿ ಇಸಿದುಕೊಂಡು ನಾಣ್ಯವನ್ನು ಅದಕ್ಕೆ ಹಿಡಿದಳು. ಕನ್ನಡಿಯಲ್ಲೂ ಅದೇ ಮುಖ. ತುಸು ಮೇಲೆದ್ದ ಗಿಡ್ಡ ತುಟಿ, ಗಲ್ಲದ ಕೆಳಗೊಂದು ಮಡಿಕೆ. ತಾಯಿ ಸತ್ತ ಮೇಲೆ ತಾನೇ ತುತ್ತಿಟ್ಟು ಬೆಳೆಸಿದ ತಂಗಿ ಎರೋತಿಸ್.

ಮುಖದ ಒಂದು ಪಕ್ಕ ಮಾತ್ರ ಬೇಕು, ಅಲ್ಲಾಡಬೇಡ ಎಂದು ದಿಫಿಲಸ್ ಅವಳನ್ನು ಗೋಡೆಯ ಕಡೆ ತಿರುಗಿಸಿ ಕೂರಿಸಿದ್ದ. ಅವಳ ಬೆನ್ನ ಹಿಂದೆ, ಕೋಣೆಯ ಆಚೆ ಬದಿಯಲ್ಲಿ ಎರೋತಿಸ್ ಹಸಿ ಕಡಲೆ ಸುಲಿಯುತ್ತಿದ್ದಳು. ಒಂಬತ್ತು ದಿನವೂ ಕ್ರೆಸ್ತೆ ಕತ್ತು ನೋಯಿಸಿಕೊಂಡು ಸುಣ್ಣದ ಗೋಡೆ ನೋಡಿದ್ದಳು, ಅವನ ಕಣ್ಣು ಎಲ್ಲಿದೆ ಎಂದು ನೋಡಿರಲಿಲ್ಲ. ನಾಣ್ಯದ ತುಟಿಯಲ್ಲಿ ನಗುವಿತ್ತು. ಅಂದರೆ ತಂಗಿಯೂ ಅವನನ್ನು ನೋಡಿ ನಕ್ಕಿದ್ದಳು. ಗಂಡನನ್ನಾದರೆ ಬೈದು ಬಾಯಿ ತೊಳೆದುಕೊಳ್ಳಬಹುದಿತ್ತು. ತಂಗಿ ಮಾಡಿದ್ದನ್ನು ನುಂಗಲಾಗಲಿಲ್ಲ.

ಹೇಗಿದೆ ಎಂದು ಮುದುಕಿ ಕೇಳಿದಾಗ ಚೆನ್ನಾಗಿದೆ ಎಂದಷ್ಟೇ ಹೇಳಿ ನಾಣ್ಯವನ್ನು ಸೆರಗಿಗೆ ಕಟ್ಟಿಕೊಂಡಳು.

ಸಂಜೆ ಊಟಕ್ಕೆ ಮೊದಲು ಮನೆದೇವರ ಗೂಡಿಗೆ ಎಡೆ ಇಡುವುದು ಯಾವತ್ತೂ ಕ್ರೆಸ್ತೆಯ ಕೆಲಸ. ಅಂದು ಬೆಂದ ಕಡಲೆಯ ತಟ್ಟೆಯನ್ನು ತಂಗಿಯ ಕಡೆ ತಳ್ಳಿದಳು.

"ಇವತ್ತು ನೀನೇ ಇಡು."

"ನಾನ್ಯಾಕಕ್ಕ? ಮನೆ ಯಜಮಾನಿ ಅಲ್ವಾ ಇಡೋದು?"

"ಅದ್ಕೇ ಕಣೆ ನಿಂಗೆ ಹೇಳ್ತಿರೋದು."

ಎರೋತಿಸ್ ತಟ್ಟೆ ಹಿಡಿದು ಎದ್ದಳು. ಗೂಡಿನಲ್ಲಿ ಮಣ್ಣಿನ ದೇವರುಗಳ ಮುಂದೆ ಕ್ರೆಸ್ತೆ ಸೆರಗಿನಿಂದ ಬಿಚ್ಚಿ ಇಟ್ಟಿದ್ದ ಹೊಸ ನಾಣ್ಯ ಮುಖ ಮೇಲಾಗಿ ಕೂತಿತ್ತು. ತಟ್ಟೆ ವಾಲಿ ಕಡಲೆಕಾಳು ಒಂದೊಂದಾಗಿ ನೆಲಕ್ಕೆ ಉರುಳಿದವು. ಊಟಕ್ಕೆ ಕಾದು ಕೂತಿದ್ದ ದಿಫಿಲಸ್ ತಲೆ ಎತ್ತಿದ.

ಕ್ರೆಸ್ತೆ ಈ ಸಲ ಗೋಡೆ ನೋಡಲಿಲ್ಲ. ಗಂಡನ ಕಣ್ಣು ಎತ್ತ ಹೋಗುತ್ತದೆಂದು ನೋಡುತ್ತ ಕೂತಳು.