ತಿರುಮಲೇಶರ ಸಭ್ಯ ಎರರ್

ಭಾಂಡುಪಿನ ಔಷಧ ಕಂಪನಿಯೊಂದರಲ್ಲಿ ಕಂಪ್ಯೂಟರ್ ವಿಭಾಗದ ಮುಖ್ಯಸ್ಥರಾಗಿದ್ದ ತಿರುಮಲೇಶರು ಕೆಟ್ಟ ಸುದ್ದಿಯನ್ನು ಇದ್ದಂತೆ ಹೇಳುವುದು ಸಂಸ್ಕಾರವಲ್ಲ ಎಂದು ನಂಬಿದವರು. ಅವರು ಬರೆದ ದಾಸ್ತಾನಿನ ಪ್ರೋಗ್ರಾಮಿಗೂ ಅದೇ ಸಂಸ್ಕಾರ. ಒಳಗೆಲ್ಲೋ ಎರರ್, ಅಂದರೆ ತಪ್ಪು, ಹುಟ್ಟಿದರೆ ಪ್ರೋಗ್ರಾಮಿನ ಮೇಲಿನ ಹಂತ ಅದನ್ನು ಹಿಡಿದು, ಬಾಯಿ ಮುಚ್ಚಿಸಿ, ತನ್ನದೇ ನಯವಾದ ಮಾತೊಂದನ್ನು ಮೇಲಕ್ಕೆ ದಾಟಿಸುತ್ತಿತ್ತು. ಅದಕ್ಕೂ ಮೇಲಿನದು ಇನ್ನಷ್ಟು ನಯ. ಕೊನೆಗೆ ತೆರೆಯ ಮೇಲೆ ಬರುತ್ತಿದ್ದುದು ಇಷ್ಟೇ: 'ಕೆಲಸ ಆಗಲಿಲ್ಲ.'

ತೊಂಬತ್ತಮೂರರ ದೀಪಾವಳಿ ಹೊತ್ತಿಗೆ ಅದು ದಿನವೂ ಹಾಗೆನ್ನತೊಡಗಿತು. ಗೋದಾಮಿನಲ್ಲಿ ಕೆಮ್ಮಿನ ಔಷಧ ಎಷ್ಟಿದೆಯೆಂದು ತಿಳಿಯದೆ ಲಾರಿಗಳು ಗೇಟಿನಲ್ಲೇ ನಿಂತವು. ತಿರುಮಲೇಶರು ಮೊದಲು ವೋಲ್ಟೇಜನ್ನು ಬೈದರು, ಆಮೇಲೆ ಇಲಿಗಳನ್ನು.

"ಸರ್, ಒಳಗಿನ ಎರರನ್ನ ಎಸೀಬಾರದು," ಎಂದಳು ಕೈಕೆಳಗಿನ ರಮಾಮಣಿ. "ಮೇಲಿನದರ ಜೊತೆಗೇ ಕಟ್ಟಿ ಕಳಿಸೋಣ. ಮೂಲ ಎಲ್ಲಿದೆ ಅಂತ ಗೊತ್ತಾಗತ್ತೆ."

"ಸಾಹೇಬರ ಮುಂದೆ ಮನೆ ಕೊಳೆ ಹರಡ್ತೀಯೇನಮ್ಮ?"

ಜನರಲ್ ಮ್ಯಾನೇಜರ್ ಕೇಶವಮೂರ್ತಿ ಖುದ್ದು ವಿಚಾರಿಸಲು ಬರುತ್ತಾರೆಂದು ತಿಳಿದ ಮೇಲೆ ಮಾತ್ರ ತಿರುಮಲೇಶರು ಬೇರೆ ದಾರಿಯಿಲ್ಲದೆ ಒಪ್ಪಿದರು. ಸಾಹೇಬರು ಬಂದು ಹಿಂದೆ ನಿಂತಾಗ ರಮಾಮಣಿ ತಿದ್ದಿದ ಪ್ರೋಗ್ರಾಮನ್ನು ಓಡಿಸಿದಳು. ತೆರೆಯ ಮೇಲೆ ಸಾಲಾಗಿ ಬಂತು: ವರದಿ ಆಗಲಿಲ್ಲ, ಯಾಕೆಂದರೆ ದಾಸ್ತಾನು ಓದಲಾಗಲಿಲ್ಲ, ಯಾಕೆಂದರೆ ಫೈಲು ತೆರೆಯಲಾಗಲಿಲ್ಲ, ಯಾಕೆಂದರೆ ಡಿಸ್ಕಿನಲ್ಲಿ ಜಾಗವಿಲ್ಲ.

"ಜಾಗ ಯಾರು ತಿಂದ್ರು?" ಎಂದರು ಕೇಶವಮೂರ್ತಿ.

ರಮಾಮಣಿ ಡಿಸ್ಕಿನ ಪಟ್ಟಿ ತೆರೆದಳು. ಅದರ ತುಂಬ ಪಕ್ಕದ ಮುಲುಂಡಿನ ಕನ್ನಡಿಗರಲ್ಲಿ ಅರ್ಧ ಜನರ ಜಾತಕಗಳಿದ್ದವು. ಬಿಡುವಿನಲ್ಲಿ ತಿರುಮಲೇಶರು ವಧೂವರರ ಹೊಂದಾಣಿಕೆಗೂ ಒಂದು ಪ್ರೋಗ್ರಾಂ ಬರೆದಿದ್ದರು. ಈಗ ನಯವಾದ ಮಾತಿಗಾಗಿ ತಡಕಾಡಿದರು.

ಕೇಶವಮೂರ್ತಿ ಕನ್ನಡಕ ಏರಿಸಿ ಬಗ್ಗಿ ನೋಡಿದರು. "ನಮ್ಮ ಹುಡುಗೀದೂ ಇದರಲ್ಲಿ ಹಾಕೋಕಾಗತ್ತೇನ್ರಿ?"

ಜಾತಕಗಳು ಫ್ಲಾಪಿಗೆ ಹೋದವು, ಲಾರಿಗಳು ಹೊರಟವು. ತಿರುಮಲೇಶರಿಗೂ ಬುದ್ಧಿ ಬಂತು. ರಮಾಮಣಿಯಿಂದ ಕಲಿತು ಹೊಂದಾಣಿಕೆಯ ಪ್ರೋಗ್ರಾಮಿನಲ್ಲೂ ಒಳಗಿನ ಎರರನ್ನು ಜೋಪಾನವಾಗಿ ಮೇಲಕ್ಕೆ ತಂದರು. ಭಾನುವಾರ ಕೇಶವಮೂರ್ತಿಯನ್ನೂ ಅವರಿಗೆ ಬೀಗರಾಗಬೇಕಿದ್ದವರನ್ನೂ ಪಕ್ಕದಲ್ಲೇ ಕೂರಿಸಿಕೊಂಡು ಹುಡುಗಿಯ ವಿವರ ತುಂಬಿದರು.

ಹೊಂದಾಣಿಕೆ ಆಗಲಿಲ್ಲ, ಯಾಕೆಂದರೆ ನಕ್ಷತ್ರ ಸಿಗಲಿಲ್ಲ, ಯಾಕೆಂದರೆ ಫೆಬ್ರವರಿಯಲ್ಲಿ ಮೂವತ್ತನೇ ತಾರೀಖು ಇಲ್ಲ.

ಮಗಳ ವಯಸ್ಸು ಇಳಿಸಲು ಹುಟ್ಟಿದ ತಾರೀಖು ತಿದ್ದುವ ಭರದಲ್ಲಿ ಮನೆಯವರು ಕ್ಯಾಲೆಂಡರ್ ನೋಡುವುದನ್ನು ಮರೆತಿದ್ದರು. ಬೀಗರಾಗಬೇಕಿದ್ದವರು ಲೋಕಲ್ ರೈಲು ಹಿಡಿಯಬೇಕೆಂದು ಎದ್ದರು.

ಕೇಶವಮೂರ್ತಿ ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡರು. "ನಿಮ್ಮ ಹಳೇ ಪ್ರೋಗ್ರಾಮೇ ಚೆನ್ನಾಗಿತ್ತು ಕಣ್ರೀ," ಎಂದರು.